ಚಾಥಮ್‌ನಲ್ಲಿ ಎಚ್‌ಎಂಎಸ್ ಕ್ಯಾವಲಿಯರ್ ನೋಡ್ಕೊಂಡು ಬಂದ್ವಿ, ಐದಕ್ಕೆ ನಾಲ್ಕೂವರೆ ಸ್ಟಾರ್

ಲಂಡನ್ ಸುತ್ತಮುತ್ತ ಇರೋ ನಮ್ಮ ಕನ್ನಡದವರಿಗೆ ಈ ರಿವ್ಯೂ. ಊರಿಂದ ಅಪ್ಪ ಅಮ್ಮ ಬಂದಿರ್ತಾರೆ, ಟವರ್ ಬ್ರಿಡ್ಜು, ಲಂಡನ್ ಐ, ದೇವಸ್ಥಾನ ಎಲ್ಲಾ ಮೊದಲ ಎರಡು ವಾರದಲ್ಲೇ ಮುಗಿದು ಆಮೇಲೆ ವೀಕೆಂಡ್ ಬಂದ್ರೆ ಸಾಕು ಎಲ್ಲಿಗೆ ಕರ್ಕೊಂಡು ಹೋಗೋದಪ್ಪಾ ಅಂತ ತಲೆ ಕೆರ್ಕೊಳ್ಳೋದು, ಅಂಥ ವೀಕೆಂಡ್‌ಗೆ ಚಾಥಮ್ ಹಿಸ್ಟಾರಿಕ್ ಡಾಕ್‌ಯಾರ್ಡ್ ಹೇಳಿ ಮಾಡಿಸಿದ ಜಾಗ. ಸೇಂಟ್ ಪ್ಯಾಂಕ್ರಸ್‌ನಿಂದ ಹೈಸ್ಪೀಡ್ ಟ್ರೈನ್ ಹತ್ತಿದ್ರೆ ಮುಕ್ಕಾಲು ಗಂಟೆ ಸಾಕು. ಒಳಗೆ ಸಬ್‌ಮರೀನ್ ಇದೆ, ಹಾಯಿಹಡಗು ಇದೆ, ಕಾಲು ಮೈಲಿ ಉದ್ದದ ಹಗ್ಗ ಹೊಸೆಯೋ ಶೆಡ್ ಇದೆ, ಆದ್ರೆ ನಾನು ಬರೀತಿರೋದು ಕ್ಯಾವಲಿಯರ್ ಅನ್ನೋ ಡೆಸ್ಟ್ರಾಯರ್, ಅಂದ್ರೆ ಜೋರಾಗಿ ಓಡೋ ಯುದ್ಧದ ಹಡಗಿನ ಬಗ್ಗೆ ಮಾತ್ರ, ಯಾಕಂದ್ರೆ ನಾವು ಅದರಲ್ಲೇ ಸಿಕ್ಕಾಕ್ಕೊಂಡ್ವಿ.

ನಮ್ಮದು ಅಂಕೋಲಾ. ಅಪ್ಪಂಗೆ ಯುದ್ಧದ ಹಡಗು ಅಂದ್ರೆ ಕಾರವಾರದ ಟಾಗೋರ್ ಬೀಚಲ್ಲಿ ನಿಲ್ಸಿದಾರಲ್ಲ, ಐಎನ್‌ಎಸ್ ಚಪಲ್, ಅದೇ. ಇಲ್ಲಿ ಡಾಕ್ ಅಂಚಿಗೆ ಬಂದು ನಿಂತವರೇ ಒಂದು ನಿಮಿಷ ಮಾತಾಡಲಿಲ್ಲ, ಆಮೇಲೆ "ಚಪಲ್ ಇದರ ಮರಿ ಅಂತಲೂ ಹೇಳೋಕಾಗಲ್ಲ ಮಾರಾಯಾ" ಅಂದ್ರು. ಉದ್ದ 111 ಮೀಟರ್. ನೀರು ತೆಗೆದ ಡ್ರೈ ಡಾಕಲ್ಲಿ ಕೂರಿಸಿರೋದ್ರಿಂದ ಹಡಗಿನ ಹೊಟ್ಟೆಯೆಲ್ಲಾ ಕಾಣುತ್ತೆ, ಸಮುದ್ರದಲ್ಲಿ ನಿಂತಿದ್ರೆ ಯಾವತ್ತೂ ಕಾಣದ ಭಾಗ. ಎಷ್ಟು ಉದ್ದವೋ ಅದಕ್ಕೆ ತಕ್ಕ ಅಗಲ ಇಲ್ಲ, ಚೂರಿ ಥರ ತೆಳ್ಳಗಿದೆ, ಓಡೋಕೆ ಅಂತಲೇ ಕಟ್ಟಿದ್ದು ಅಂತ ನೋಡಿದ್ರೇ ಗೊತ್ತಾಗುತ್ತೆ. ಅಂದಹಾಗೆ ಬ್ರಿಟಿಷ್ ಅಡ್ಮಿರಲ್ ನೆಲ್ಸನ್ನನ ವಿಕ್ಟರಿ ಹಡಗು ಕಟ್ಟಿ 1765ರಲ್ಲಿ ನೀರಿಗೆ ಬಿಟ್ಟಿದ್ದೂ ಇದೇ ಜಾಗದಿಂದ.

ಕ್ಯಾವಲಿಯರ್ ಹುಟ್ಟಿದ್ದು ಐಲ್ ಆಫ್ ವೈಟ್‌ನ ಕೌಸ್‌ನಲ್ಲಿ, 1944ರ ಏಪ್ರಿಲ್‌ನಲ್ಲಿ ನೀರಿಗಿಳಿದು ನವೆಂಬರ್‌ನಲ್ಲಿ ಡ್ಯೂಟಿಗೆ ಸೇರಿದ್ದು. ಒಂದು ವಿಷಯ ಗಮನಿಸಿ ನೋಡಿ: ಹಡಗಿನ ಮುಂದಿನ ತುದಿ ಹಿಂದಿನ ತುದಿ ವೆಲ್ಡಿಂಗ್, ನಡುಭಾಗ ಮಾತ್ರ ಹಳೇ ಪದ್ಧತಿ ರಿವೆಟ್. ಹೊಸದನ್ನ ಪೂರ್ತಿ ನಂಬೋ ಧೈರ್ಯ ಇಲ್ಲ, ಹಳೇದನ್ನ ಬಿಡೋಕೂ ಮನಸ್ಸಿಲ್ಲ, ಹಾಗಾಗಿ ಅರ್ಧ ಅರ್ಧ. ನಡುಭಾಗದಲ್ಲಿ ಸಾಲುಸಾಲಾಗಿ ರಿವೆಟ್ ತಲೆಗಳು, ಮೂತಿ ಕಡೆ ಹೋಗ್ತಾ ಹೋಗ್ತಾ ನುಣ್ಣಗೆ. ಅಪ್ಪ ಗರಾಜ್ ನಡೆಸಿದವರು, ಇಲ್ಲೇ ಅರ್ಧ ಗಂಟೆ ಹೋಯ್ತು.

ಈಗ ಇದರ ಸರ್ವೀಸ್ ಕಥೆ. 1945ರ ಶುರುವಲ್ಲಿ ನಾರ್ವೆ ಕಡೆ ಕೆಲಸ, ಫೆಬ್ರವರಿಯಲ್ಲಿ ರಷ್ಯಾದಿಂದ ವಾಪಸ್ ಬರ್ತಿದ್ದ ಆರ್‌ಎ 64 ಅನ್ನೋ ಕಾನ್ವಾಯ್‌ಗೆ, ಅಂದ್ರೆ ಗುಂಪಾಗಿ ಹೊರಟ ಸರಕು ಹಡಗುಗಳಿಗೆ ಕಾವಲು. ಆ ಕಾನ್ವಾಯ್ ಅಂದ್ರೆ ಒಂದು ಕಡೆ ಜರ್ಮನ್ ಸಬ್‌ಮರೀನು, ಇನ್ನೊಂದು ಕಡೆ ಬಿರುಗಾಳಿಗೆ ಸಿಕ್ಕಿ ಹಡಗುಗಳೆಲ್ಲಾ ದಿಕ್ಕಾಪಾಲಾಗಿದ್ವು. ಈ ಹಡಗಿಗೆ ಆರ್ಕ್ಟಿಕ್ 1945 ಅನ್ನೋ ಬ್ಯಾಟಲ್ ಆನರ್, ಅಂದ್ರೆ ಯುದ್ಧ ಗೌರವ ಸಿಕ್ಕಿದ್ದು ಈ ಕೆಲಸಕ್ಕೆ. ಇಲ್ಲಿವರೆಗೆ ಓದಿದ್ರೆ ಹೀರೋ ಕಥೆ.

ಯುದ್ಧ ಮುಗಿದ ಮೇಲಿಂದೇ ನನಗೆ ಬೇರೆ ಥರ ಅನ್ಸಿದ್ದು. ಪೂರ್ವದ ಕಡೆ ಕಳಿಸಿದ್ರು, 1945ರ ಕೊನೆಯಲ್ಲಿ ಇಂಡೋನೇಷ್ಯಾದ ಸುರಬಾಯಾ. ಅಲ್ಲಿನವರು ಡಚ್ಚರು ವಾಪಸ್ ಬರೋದು ಬೇಡ, ನಮಗೆ ಸ್ವಾತಂತ್ರ್ಯ ಬಂತು ಅಂತ ಎದ್ದು ನಿಂತಿದ್ರು, ಕ್ಯಾವಲಿಯರ್ ಸಮುದ್ರದಿಂದ ಊರಿನ ಮೇಲೆ ತೋಪು ಹಾರಿಸ್ತು. ನೆಲದ ಮೇಲೆ ಬ್ರಿಟಿಷರ ಪರ ಹೊಡೆದಾಡಿದವರು ಯಾರು ಗೊತ್ತಾ, ಬಹುಪಾಲು ನಮ್ಮ ಇಂಡಿಯನ್ ಆರ್ಮಿ ಹುಡುಗರು. ಯಾರದೋ ಊರು, ಯಾರದೋ ಜಗಳ, ಸಾಯೋಕೆ ನಮ್ಮವರು.

ಅದಾಗಿ ಮೂರೇ ತಿಂಗಳು, ಬಾಂಬೆ. 1946ರ ಫೆಬ್ರವರಿ 18, ಎಚ್‌ಎಂಐಎಸ್ ತಲ್ವಾರ್ ಅನ್ನೋ ನೌಕಾ ಸಿಗ್ನಲ್ ಸ್ಕೂಲಲ್ಲಿ ನಮ್ಮ ನಾವಿಕರು ಸ್ಟ್ರೈಕ್ ಮಾಡಿದ್ರು, ಕೆಟ್ಟ ಊಟ, ಕಮಾಂಡರ್ ಬಾಯಿಂದ ಬರೋ ಹೊಲಸು ಬೈಗುಳ, ಸಾಕಾಗಿತ್ತು. ನಾಲ್ಕೈದು ದಿನದಲ್ಲಿ ಕರಾಚಿವರೆಗೆ ಹಬ್ಬಿ ಸುಮಾರು 20,000 ಜನ ಸೇರಿಕೊಂಡ್ರು. ಆಗಿನ ಇಂಡಿಯನ್ ನೇವಿ ಮುಖ್ಯಸ್ಥ ಅಡ್ಮಿರಲ್ ಗಾಡ್‌ಫ್ರೀ ರೇಡಿಯೋದಲ್ಲಿ, ನೌಕಾಪಡೆಯೇ ನಾಶ ಆದ್ರೂ ಪರವಾಗಿಲ್ಲ ದಂಗೆ ಅಡಗಿಸ್ತೀವಿ ಅನ್ನೋ ಅರ್ಥದಲ್ಲಿ ಬೆದರಿಕೆ ಹಾಕಿದ. ಬಾಂಬೆ ಬೀದೀಲಿ ಗೋಲಿಬಾರ್ ಆಗಿ ಇನ್ನೂರಕ್ಕೂ ಹೆಚ್ಚು ಜನ ಸತ್ರು. ಆ ದಂಗೆ ಅಡಗಿಸೋಕೆ ಕಳಿಸಿದ ಹಡಗುಗಳಲ್ಲಿ ಈ ಕ್ಯಾವಲಿಯರೂ ಒಂದು. ಕೊನೆಗೆ ಪಟೇಲರ ಮಾತು ಕೇಳಿ 23ಕ್ಕೆ ನಾವಿಕರು ಶರಣಾದ್ರು.

ಮುಂಭಾಗದಲ್ಲಿ ಎರಡು ತೋಪು ಇವೆ, 4.5 ಇಂಚಿನವು. ಜನ ಅದರ ಮುಂದೆ ನಿಂತು ಸೆಲ್ಫಿ ತಗೋತಾ ಇದ್ರು, ನಾನೂ ತಗೊಂಡೆ, ಸುಳ್ಳು ಯಾಕೆ ಹೇಳಲಿ. ಮೊಬೈಲಲ್ಲಿ ಓದಿ ಅಪ್ಪಂಗೆ ಬಾಂಬೆ ವಿಷಯ ಹೇಳಿದೆ. ಅಪ್ಪ ತೋಪಿನ ಬಾಯಿ ಕಡೆ ನೋಡಿದ್ರು, ತೋಪಿನ ಬುಡಕ್ಕೆ ಹಚ್ಚಿದ ಬೂದು ಪೇಂಟ್ ಮೇಲೆ ಉಗುರಲ್ಲಿ ಒಂದ್ಸಲ ಕೆರೆದ್ರು, "ಎಷ್ಟು ಕೋಟ್ ಹೊಡೆದಿದಾರೆ ನೋಡು" ಅಂದ್ರು. ಅಷ್ಟೇ. ಮುಂದಕ್ಕೆ ಹೋದ್ರು.

ಆಮೇಲಿನ ವರ್ಷಗಳು ಬೇಗ ಹೇಳ್ತೀನಿ. ಕೆಲವು ವರ್ಷ ಮೂಲೆಗೆ ಕಟ್ಟಿ ಹಾಕಿದ್ರು, ರಿಪೇರಿ ಮಾಡಿ 1957ರಲ್ಲಿ ಮತ್ತೆ ಸಿಂಗಾಪುರ ಕಡೆ ಬಿಟ್ರು, ನಾಲ್ಕು ತೋಪಲ್ಲಿ ಒಂದು ಕಿತ್ತು ಸಬ್‌ಮರೀನ್ ಹೊಡೆಯೋ ಮಾರ್ಟರ್ ಕೂರಿಸಿದ್ರು, 1962ರಲ್ಲಿ ಬ್ರೂನೈ ದಂಗೆಗೆ ಸೈನಿಕರನ್ನ ಹೊತ್ಕೊಂಡು ಹೋಯ್ತು, 1964ರಲ್ಲಿ ಒಂದು ಲೈಬೀರಿಯಾ ಟ್ಯಾಂಕರ್‌ಗೆ ಗುದ್ದಿ ಮೂತಿ ಜಜ್ಜಿಸ್ಕೊಂಡ್ತು. ನನಗೆ ಇಷ್ಟ ಆಗಿದ್ದು ರೇಸ್ ಕಥೆ: ಇನ್ನೇನು ರಿಟೈರ್ ಆಗೋ ಹೊತ್ತಿಗೆ ರ‍್ಯಾಪಿಡ್ ಅನ್ನೋ ಇನ್ನೊಂದು ಮುದಿ ಹಡಗಿನ ಜೊತೆ 64 ಮೈಲಿ ಪಂದ್ಯ, ಎರಡೂ ಒಂದೇ ಥರ ಎಂಜಿನ್, ಎರಡು ಗಂಟೆ ಪಕ್ಕಪಕ್ಕ ಓಡಿ ಕೊನೆಗೆ ರ‍್ಯಾಪಿಡ್‌ನ ಸೇಫ್ಟಿ ವಾಲ್ವ್ ಎದ್ದುಬಿಡ್ತು, ಥೇಟ್ ಕುಕ್ಕರ್ ಥರ, ಕ್ಯಾವಲಿಯರ್ 30 ಗಜದಲ್ಲಿ ಗೆದ್ದುಬಿಡ್ತು. ಸರಾಸರಿ ಸ್ಪೀಡ್ 31.8 ನಾಟ್, ಅಂದ್ರೆ ಗಂಟೆಗೆ ಹೆಚ್ಚು ಕಮ್ಮಿ 59 ಕಿಲೋಮೀಟರ್, ನಮ್ಮೂರ ಹೈವೇಲಿ ಬಸ್ಸೂ ಅಷ್ಟು ಓಡಲ್ಲ.

1972ರಲ್ಲಿ ನಿವೃತ್ತಿ. ಆಮೇಲಿನ ಗೋಳು ಕೇಳಿದ್ರೆ, ಮಕ್ಕಳ ಮನೆಯಿಂದ ಮನೆಗೆ ಸುತ್ತೋ ಅಜ್ಜಿ ಕಥೆ. ಮೌಂಟ್‌ಬ್ಯಾಟನ್ ಮುಂದೆ ನಿಂತು ಹಡಗು ಉಳಿಸೋ ಚಳವಳಿ ಮಾಡಿ 1977ರಲ್ಲಿ ಒಂದು ಟ್ರಸ್ಟ್ 65,000 ಪೌಂಡ್‌ಗೆ ಕೊಂಡ್ಕೊಂಡ್ತು, ಸೌತಾಂಪ್ಟನ್‌ನಲ್ಲಿ ಇಟ್ರೆ ಜನ ಬರಲಿಲ್ಲ, ಬ್ರೈಟನ್‌ಗೆ ಒಯ್ದ್ರು, ಅಲ್ಲೂ ನಡೀಲಿಲ್ಲ, ಉತ್ತರದ ಹೆಬ್ಬರ್ನ್‌ಗೆ ಎಳ್ಕೊಂಡು ಹೋದ್ರು, ಅಲ್ಲಿ ವರ್ಷಗಟ್ಟಲೆ ತುಕ್ಕು ಹಿಡೀತಾ ಬಿದ್ದಿತ್ತು. 1998ರಲ್ಲಿ ಚಾಥಮ್‌ಗೆ ಬಂದು ಸೆಟಲ್ ಆಯ್ತು. ಎರಡನೇ ಮಹಾಯುದ್ಧದ ಬ್ರಿಟಿಷ್ ಡೆಸ್ಟ್ರಾಯರ್‌ಗಳಲ್ಲಿ ಉಳಿದಿರೋದು ಇದೊಂದೇ. ಪಕ್ಕದಲ್ಲಿ ಕಂಚಿನ ಸ್ಮಾರಕ ಇದೆ, ಆ ಯುದ್ಧದಲ್ಲಿ ಮುಳುಗಿದ 142 ಡೆಸ್ಟ್ರಾಯರ್‌ಗಳಿಗೆ, ಅದರಲ್ಲಿ ಸತ್ತ 11,000ಕ್ಕೂ ಹೆಚ್ಚು ಜನಕ್ಕೆ. ಅಲ್ಲಿ ಒಂದೈದು ನಿಮಿಷ ನಿಲ್ಲಿ.

ಒಳಗೆ ಹೋಗೋರಿಗೆ ಒಂದು ಮಾತು. ಮೆಟ್ಟಿಲು ಅಂದ್ರೆ ನಮ್ಮ ಅಟ್ಟದ ಏಣಿ, ಬೆನ್ನು ತಿರುಗಿಸ್ಕೊಂಡೇ ಇಳಿಬೇಕು. ಮಂಡಿ ನೋವಿದ್ದೋರಿಗೆ ಕಷ್ಟ, ಅಮ್ಮ ಒಂದು ಏಣಿ ನೋಡಿದವರೇ "ನೀವು ಹೋಗ್ಬನ್ನಿ" ಅಂತ ಮೇಲೇ ಕೂತ್ರು. ಬಾಗಿಲು ಅಂತ ಇರೋ ತೂತಲ್ಲಿ ಆರಡಿ ಎತ್ತರದೋರು ತಲೆ ಕಾಪಾಡ್ಕೊಳ್ಳಿ, ನಾನು ಎರಡು ಸಲ ಹೊಡ್ಕೊಂಡೆ. ಕೆಳಗೆ ನಾವಿಕರು ಇರ್ತಿದ್ದ ಮೆಸ್ ಡೆಕ್ ನೋಡಲೇಬೇಕು, ಊಟ ಮಾಡೋ ಮೇಜಿನ ಮೇಲೇ ಬಟ್ಟೆ ಜೋಲಿ ಕಟ್ಟಿ ಮಲಗ್ತಿದ್ದದ್ದು, ಒಬ್ಬ ಮಗ್ಗುಲಾದ್ರೆ ಪಕ್ಕದವನಿಗೆ ತಾಗಬೇಕು. ಸುಮಾರು ಇನ್ನೂರು ಜನ ಹೀಗೇ. ನಾನು ಬಂದ ಹೊಸದರಲ್ಲಿ ಈಸ್ಟ್ ಹ್ಯಾಮ್‌ನಲ್ಲಿ ಐದು ಜನ ಒಂದು ರೂಮ್ ಶೇರ್ ಮಾಡಿದ್ದು ನೆನಪಾಯ್ತು, ಅದು ಅರಮನೆ ಬಿಡಿ.

ಟಿಕೆಟ್ ಕಮ್ಮಿ ಏನಲ್ಲ, ಆದ್ರೆ ಒಂದ್ಸಲ ತಗೊಂಡ್ರೆ ವರ್ಷವಿಡೀ ನಡೆಯುತ್ತೆ, ಅದಕ್ಕೇ ದುಬಾರಿ ಅನ್ನಿಸಲ್ಲ. ಚಳಿಗಾಲದಲ್ಲಿ ಮುಚ್ಚಿರ್ತಾರೆ, ದಿನ ನೋಡ್ಕೊಂಡು ಹೊರಡಿ. ಊಟಕ್ಕೆ ನಾವು ಪುಳಿಯೋಗರೆ, ಮೊಸರನ್ನ ಕಟ್ಕೊಂಡು ಹೋಗಿದ್ವಿ, ಒಳ್ಳೇದಾಯ್ತು, ಯಾಕಂದ್ರೆ ದಾರಿಯಲ್ಲಿ ಒಂದು ಕಡೆ ಕುಡಿದ ಕಾಫಿ ಪಾತ್ರೆ ತೊಳೆದ ನೀರಿನ ಥರ ಇತ್ತು. ಅರ್ಧ ಸ್ಟಾರ್ ಕಟ್ ಮಾಡಿದ್ದು ಆ ಏಣಿಗಳಿಗೆ, ಪಾಪ ಅದರಲ್ಲಿ ಯಾರ ತಪ್ಪೂ ಇಲ್ಲ, ಹಡಗು ಇರೋದೇ ಹಾಗೆ. ಒಸೆಲಾಟ್ ಸಬ್‌ಮರೀನ್ ಒಳಗೆ ಹೋಗೋಕೆ ಟೈಮ್ ಸ್ಲಾಟ್ ಮೊದಲೇ ತಗೋಬೇಕು, ನಾವು ಇಲ್ಲೇ ಮೂರು ಗಂಟೆ ಕಳೆದು ಅದನ್ನ ಮಿಸ್ ಮಾಡ್ಕೊಂಡ್ವಿ. ಅಪ್ಪ ಟ್ರೈನಲ್ಲಿ ಟಿಕೆಟ್ ಮಡಚಿ ಪರ್ಸಲ್ಲಿಟ್ಕೊಂಡ್ರು, ಮುಂದಿನ ಶನಿವಾರ ಅಮ್ಮನ್ನ ಮನೇಲಿ ಬಿಟ್ಟು ನಾವಿಬ್ರೇ ಹೋಗ್ತಿದೀವಿ.