ಸ್ನೋಬ್ಲೋವರ್ ಎತ್ತಿಡುವಾಗ ಟ್ಯಾಂಕ್ ಖಾಲಿ ಇರಬೇಕಾ, ತುಂಬಿರಬೇಕಾ?

ಚಳಿಗಾಲ ಮುಗಿದ ಮೇಲೆ ಸ್ನೋಬ್ಲೋವರ್ (ಹಿಮ ತೆಗೆದು ದೂರ ಎಸೆಯುವ ಯಂತ್ರ) ಎತ್ತಿಡುವ ವಿಷಯದಲ್ಲಿ ವಾದ ಇರುವುದು ಪೆಟ್ರೋಲ್ ಬಗ್ಗೆ ಮಾತ್ರ. ಪೂರ್ತಿ ಖಾಲಿ ಮಾಡಿ ಅಂತ ಕೆಲವರು, ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ಸ್ಟೆಬಿಲೈಜರ್ ಹಾಕಿ ತುಂಬಿಸಿಡಿ ಅಂತ ಇನ್ನು ಕೆಲವರು. ನಾನು ಎರಡನ್ನೂ ಬೇರೆ ಬೇರೆ ವರ್ಷ ಒಂದೇ ಯಂತ್ರದ ಮೇಲೆ ಮಾಡಿ ನೋಡಿದ್ದೇನೆ. ಕಾರ್ಬ್ಯುರೇಟರ್ ಇರುವ ನಾಲ್ಕು ಸ್ಟ್ರೋಕ್ ಎಂಜಿನ್, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು.

ತಿಂಗಳುಗಟ್ಟಲೆ ನಿಂತ ಪೆಟ್ರೋಲಿನಲ್ಲಿ ಹಗುರವಾದ ಭಾಗ ಆರಿಹೋಗುತ್ತದೆ, ಉಳಿದದ್ದು ಗಾಳಿ ತಾಗಿ ಅಂಟಾಗುತ್ತದೆ. ಕಾರ್ಬ್ಯುರೇಟರಿನಲ್ಲಿ ಎಂಜಿನ್ ನಿಧಾನ ಓಡುವಾಗ ಪೆಟ್ರೋಲ್ ಬಿಡುವ ಐಡಲ್ ಜೆಟ್‌ನ ತೂತು ತೀರಾ ಸಣ್ಣದು, ಹಾಗಾಗಿ ಸಾಮಾನ್ಯವಾಗಿ ಮೊದಲು ಕಟ್ಟಿಕೊಳ್ಳುವುದು ಅದೇ. ಚೋಕ್ ಎಳೆದರೆ ಮಾತ್ರ ಓಡುತ್ತದೆ, ಬಿಟ್ಟರೆ ಎಂಜಿನ್ ಏರುತ್ತಾ ಇಳಿಯುತ್ತಾ ಒದ್ದಾಡುತ್ತದೆ, ನೋಡಿದ್ದೀರಿ ಅಲ್ವಾ? ಪೆಟ್ರೋಲಿನಲ್ಲಿ 10% ಎಥನಾಲ್ ಇದ್ದರೆ ಅದು ತೇವವನ್ನೂ ಎಳೆದುಕೊಳ್ಳುತ್ತದೆ, ತೇವ ಜಾಸ್ತಿಯಾದರೆ ನೀರು ಮತ್ತು ಎಥನಾಲ್ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಕೂರುತ್ತವೆ. ಎಂಜಿನ್‌ಗೆ ಪೆಟ್ರೋಲ್ ಹೋಗುವುದೂ ತಳದಿಂದಲೇ.

ಖಾಲಿ ಮಾಡುವ ದಾರಿ ಕೇಳಲು ಸುಲಭ. ಟ್ಯಾಂಕಿನಿಂದ ಆದಷ್ಟು ತೆಗೆದು, ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸುವುದು. ಹೆಚ್ಚಿನವರು ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಎಂಜಿನ್ ನಿಂತ ಮೇಲೂ ಕಾರ್ಬ್ಯುರೇಟರಿನ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಿನಂಥ ಬೌಲ್‌ನ ಬೋಲ್ಟ್ ಬಿಚ್ಚಿ ನೋಡಿ, ಒಂದಿಷ್ಟು ಪೆಟ್ರೋಲ್ ಸುರಿಯುತ್ತದೆ. ಅಂಟಾಗುವುದು ಅದೇ. ಜೊತೆಗೆ ಕಬ್ಬಿಣದ ಟ್ಯಾಂಕ್ ಆದರೆ ಖಾಲಿ ಜಾಗದಲ್ಲಿ ಬೆವರು ಕಟ್ಟಿ ತುಕ್ಕು ಹಿಡಿಯಬಹುದು.

ಸ್ಟೆಬಿಲೈಜರ್ ಹಾಕಿದ ವರ್ಷ ಯಂತ್ರ ಬೇಗ ಸ್ಟಾರ್ಟ್ ಆಯಿತು, ಸುಳ್ಳು ಹೇಳಲ್ಲ. ಆದರೆ ಅದನ್ನು ಹೊಸ ಪೆಟ್ರೋಲಿಗೇ ಹಾಕಬೇಕು, ಹಳಸಿದ್ದನ್ನು ಅದು ಸರಿ ಮಾಡುವುದಿಲ್ಲ. ಹಾಕಿದ ಮೇಲೆ 10 ನಿಮಿಷವಾದರೂ ಎಂಜಿನ್ ಓಡಿಸಬೇಕು, ಇಲ್ಲದಿದ್ದರೆ ಕಾರ್ಬ್ಯುರೇಟರಿನಲ್ಲಿ ಉಳಿಯುವುದು ಹಳೇ ಪೆಟ್ರೋಲೇ. ಇನ್ನೊಂದು ತೊಂದರೆ ಇದೆ: ಬೌಲ್‌ಗೆ ಹೊರಗಿನ ಗಾಳಿ ತಾಗುತ್ತಲೇ ಇರುತ್ತದೆ, ಹಾಗಾಗಿ ಔಷಧಿ ಬಿದ್ದ ಪೆಟ್ರೋಲ್ ಕೂಡ ಅಲ್ಲಿ ನಿಧಾನಕ್ಕೆ ಆರುತ್ತದೆ.

ಅದಕ್ಕೇ ಈಗ ಎರಡನ್ನೂ ಬೆರೆಸಿದ್ದೇನೆ. ಟ್ಯಾಂಕ್ ತುಂಬಾ ಸ್ಟೆಬಿಲೈಜರ್ ಹಾಕಿದ ಪೆಟ್ರೋಲ್, ಎಂಜಿನ್ ಓಡಿಸಿ, ಪೆಟ್ರೋಲ್ ವಾಲ್ವ್ ಮುಚ್ಚಿ, ನಿಲ್ಲುವ ತನಕ ಬಿಟ್ಟು, ಕೊನೆಗೆ ಬೌಲ್ ಖಾಲಿ. ನನ್ನ ಮಟ್ಟಿಗೆ ಇದೇ ಗೆದ್ದದ್ದು. ವಾಲ್ವ್ ಇಲ್ಲದ ಯಂತ್ರವಾದರೆ ಪೂರ್ತಿ ಖಾಲಿ ಮಾಡುವುದೇ ವಾಸಿ. ಯಂತ್ರ ಇಡುವ ಕೋಣೆಯಲ್ಲೇ ಬೆಂಕಿ ಉರಿಯುವ ವಾಟರ್ ಹೀಟರ್ ಇದ್ದರಂತೂ ತುಂಬಿದ ಟ್ಯಾಂಕ್ ಬೇಡವೇ ಬೇಡ, ಪೆಟ್ರೋಲ್ ಆವಿ ನೆಲದ ಮೇಲೇ ಹರಿದು ಹೋಗಿ ಹೊತ್ತಿಕೊಳ್ಳುತ್ತದೆ. ಎಥನಾಲ್ ಇಲ್ಲದ ಆಲ್ಕೈಲೇಟ್ ಪೆಟ್ರೋಲ್ ವರ್ಷಗಟ್ಟಲೆ ಕೆಡದೆ ಇರುತ್ತದೆ, ಆದರೆ ದುಬಾರಿ. ಕೊನೆಯ ಟ್ಯಾಂಕಿಗೆ ಮಾತ್ರ ಹಾಕುವುದಾದರೆ ಸರಿ. ಬ್ಯಾಟರಿ ಯಂತ್ರದವರಿಗೆ ಈ ತಲೆನೋವೇ ಇಲ್ಲ, ಬ್ಯಾಟರಿಯನ್ನು ಸುಮಾರು ಅರ್ಧ ಚಾರ್ಜಿನಲ್ಲಿ ತಂಪಾದ ಒಣ ಜಾಗದಲ್ಲಿಟ್ಟರೆ ಆಯಿತು.

ಹೊದಿಕೆಗೆ ಪ್ಲಾಸ್ಟಿಕ್ ಟಾರ್ಪಾಲ್‌ಗಿಂತ ಗಾಳಿಯಾಡುವ ಬಟ್ಟೆ ಒಳ್ಳೆಯದು, ಪ್ಲಾಸ್ಟಿಕ್ ಒಳಗೆ ತೇವ ಸಿಕ್ಕಿಬೀಳುತ್ತದೆ. ಎಂಜಿನ್ ಆಯಿಲ್ ಬಿಸಿ ಇರುವಾಗಲೇ ಬದಲಿಸಿಬಿಡಿ.

ಪೆಟ್ರೋಲ್ ಬಗ್ಗೆ ಇಷ್ಟು ಜಗಳವಾಡುವವರು ಹಿಮವನ್ನು ಕೊರೆದು ಒಳಗೆಳೆಯುವ ಸುರುಳಿ ಬ್ಲೇಡ್, ಅಂದರೆ ಆಗರ್ ಬಗ್ಗೆ ಮಾತೇ ಆಡುವುದಿಲ್ಲ. ಆಗರನ್ನು ಶಾಫ್ಟಿಗೆ ಹಿಡಿದಿಡುವ ಶಿಯರ್ ಪಿನ್ ತೆಗೆದು, ಶಾಫ್ಟಿಗೆ ಗ್ರೀಸ್ ತುಂಬಿ, ಆಗರನ್ನು ಕೈಯಿಂದ ತಿರುಗಿಸಿ, ಪಿನ್ ವಾಪಸ್ ಹಾಕಿ. ತುಕ್ಕು ಹಿಡಿದು ಆಗರ್ ಶಾಫ್ಟಿಗೆ ಕಚ್ಚಿಕೊಂಡರೆ, ಕಲ್ಲು ಸಿಕ್ಕಿದಾಗ ಮುರಿಯಬೇಕಾದ ಪಿನ್ ಮುರಿಯದೆ ಏಟು ನೇರ ಗೇರ್‌ಬಾಕ್ಸಿಗೆ ಬೀಳುತ್ತದೆ. ಕಾರ್ಬ್ಯುರೇಟರ್ ಕಟ್ಟಿಕೊಂಡರೆ ಬಿಚ್ಚಿ ತೊಳೆಯಬಹುದು, ಗೇರ್‌ಬಾಕ್ಸ್ ಒಡೆದರೆ ಖರ್ಚೇ ಬೇರೆ. ಗ್ರೀಸ್ ಹಾಕುವಾಗ ಚಕ್ರ ಓಡಿಸುವ ರಬ್ಬರ್ ಡಿಸ್ಕಿಗೆ ಮಾತ್ರ ತಾಗಿಸಬೇಡಿ, ಜಾರಿ ಯಂತ್ರ ಮುಂದಕ್ಕೇ ಹೋಗುವುದಿಲ್ಲ.