ಮನೆ ವೈಫೈಗೆ ರಿಪೀಟರ್, ಮೆಶ್, ಕೇಬಲ್: ನನ್ನ ವೋಟು ಕೇಬಲ್‌ಗೇ

ಒಳಗಿನ ಕೋಣೆಗೆ ವೈಫೈ ಮುಟ್ಟಿಸಲು ಮೂರನ್ನೂ ಬಳಸಿ ನೋಡಿದೆ. ರೂಟರ್‌ನಿಂದ ಒಂದು ಕೇಬಲ್ ಎಳೆದು, ಅದರ ತುದಿಗೆ ಆಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದದ್ದನ್ನು ಅಲ್ಲಿಂದ ವೈಫೈ ಆಗಿ ಹರಡುವ ಪೆಟ್ಟಿಗೆ) ಇಡುವುದರ ಮುಂದೆ ಮಿಕ್ಕ ಎರಡೂ ನಿಲ್ಲಲಿಲ್ಲ.

ರಿಪೀಟರ್ ಅಂದರೆ ರೂಟರ್‌ನ ವೈಫೈ ಹಿಡಿದು ಮುಂದಕ್ಕೆ ಕಳಿಸುವ ಪೆಟ್ಟಿಗೆ. ಅದನ್ನು ಪ್ಲಗ್‌ಗೆ ಸಿಕ್ಕಿಸಿದರೆ ಆಯಿತು, ಫೋನಿನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಬರುತ್ತದೆ. ಆದರೆ ವಿಡಿಯೋ ಕಾಲ್ ಮಾತ್ರ ನಿಂತು ನಿಂತು ಬರುತ್ತಿತ್ತು. ಆ ಕಡ್ಡಿಗಳು ಫೋನಿಗೂ ರಿಪೀಟರ್‌ಗೂ ನಡುವಿನ ಸಿಗ್ನಲ್ ತೋರಿಸುತ್ತವೆ ಅಷ್ಟೇ. ರಿಪೀಟರ್‌ಗೂ ರೂಟರ್‌ಗೂ ನಡುವೆ ಏನಾಗುತ್ತಿದೆ ಅಂತ ಅವು ಹೇಳುವುದಿಲ್ಲ.

ನಾನು ತಂದದ್ದರಲ್ಲಿ ಇದ್ದದ್ದು ಒಂದೇ ರೇಡಿಯೋ. ರೂಟರ್‌ನಿಂದ ಬಂದದ್ದನ್ನು ಅದೇ ಚಾನೆಲ್‌ನಲ್ಲಿ, ಅಂದರೆ ಅದೇ ರೇಡಿಯೋ ದಾರಿಯಲ್ಲಿ, ಮತ್ತೆ ಕಳಿಸಬೇಕು. ಒಂದೊಂದು ಪ್ಯಾಕೆಟ್ಟೂ (ಡೇಟಾದ ತುಣುಕು) ಗಾಳಿಯಲ್ಲಿ ಎರಡು ಸಲ ಓಡುತ್ತದೆ, ವೇಗ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಒಂದು ಚಾನೆಲ್‌ನಲ್ಲಿ ಒಬ್ಬರು ಕಳಿಸುವಾಗ ಉಳಿದವರು ಕಾಯಬೇಕು. ಹಾಗಾಗಿ ರೂಟರ್ ಪಕ್ಕದಲ್ಲೇ ಇದ್ದ, ರಿಪೀಟರ್‌ನ ಸಹವಾಸವೇ ಇಲ್ಲದ ಟಿವಿಯೂ ತಡವರಿಸತೊಡಗಿತು! ರಿಪೀಟರ್ ಕಿತ್ತ ಕೂಡಲೇ ಟಿವಿ ಸರಿಹೋಯಿತು. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಅದರಲ್ಲೂ ಅಕ್ಕಪಕ್ಕದ ಮನೆಯವರಿಗೆ ಪಾಲಿದೆ ಅಲ್ವಾ? ಅಷ್ಟು ಇಕ್ಕಟ್ಟಿನಲ್ಲಿ ಹೇಳಿದ್ದನ್ನೇ ಎರಡು ಸಲ ಹೇಳುವ ಪೆಟ್ಟಿಗೆ ಬೇಡ.

ಮೆಶ್ ಅಂದರೆ ಮನೆಯಲ್ಲಿ ಅಲ್ಲಲ್ಲಿ ಇಟ್ಟ ಪೆಟ್ಟಿಗೆಗಳು ಸೇರಿ ಒಂದೇ ವೈಫೈ ಆಗಿ ಕೆಲಸ ಮಾಡುವುದು. ಅದು ವಾಸಿ. ಮೂರು ಬ್ಯಾಂಡಿನದಾದರೆ, ಅಂದರೆ ಪ್ರತಿ ಪೆಟ್ಟಿಗೆಯಲ್ಲಿ ಮೂರು ರೇಡಿಯೋ ಇದ್ದರೆ, ಒಂದು ರೇಡಿಯೋವನ್ನು ಪೆಟ್ಟಿಗೆಗಳ ನಡುವಿನ ಮಾತಿಗೇ ಬಿಡಬಹುದು. ಎರಡು ಬ್ಯಾಂಡಿನದರಲ್ಲಿ ಫೋನು, ಪೆಟ್ಟಿಗೆ ಎಲ್ಲವೂ ಅದೇ ಗಾಳಿ ಹಂಚಿಕೊಳ್ಳಬೇಕು. ದುಡ್ಡೂ ಜಾಸ್ತಿ.

ಕೇಬಲ್ ಎಳೆದರೆ ಆ ಓಡಾಟವೆಲ್ಲ ತಂತಿಗೆ ಹೋಗುತ್ತದೆ, ಗಾಳಿ ಪೂರ್ತಿ ಫೋನು, ಲ್ಯಾಪ್‌ಟಾಪ್‌ಗೆ ಉಳಿಯುತ್ತದೆ. ಈಥರ್ನೆಟ್ ಕೇಬಲ್ 100 ಮೀಟರ್‌ವರೆಗೂ ನಡೆಯುತ್ತದೆ, ಮನೆಗೆ ಧಾರಾಳವಾಯಿತು. ರೂಟರ್ ಚಾನೆಲ್ 1ರಲ್ಲಿ, ಆಕ್ಸೆಸ್ ಪಾಯಿಂಟ್ 11ರಲ್ಲಿ, ಎರಡರ ಚಾನೆಲ್ ಅಗಲವೂ 20 ಮೆಗಾಹರ್ಟ್ಸ್. ಎರಡರ ಪವರ್ ಕೂಡ ಒಂಚೂರು ಇಳಿಸಿದೆ. ಸುಮ್ನೆ ಪೂರ್ತಿ ಏರಿಸಿಟ್ಟರೆ ಫೋನು ದೂರದ ರೂಟರ್ ಅನ್ನೇ ಹಿಡಿದುಕೊಂಡು ಕೂರುತ್ತದೆ. ಕೇಬಲ್‌ನ ನಾಲ್ಕೂ ಜೋಡಿ ತಂತಿ ಸರಿಯಾಗಿ ಕೂತಿವೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಗಿಗಾಬಿಟ್ ಲಿಂಕ್ 100 ಎಂಬಿಪಿಎಸ್‌ಗೆ ಇಳಿಯಬಹುದು.

ನಾನು ದಿನವಿಡೀ ಒಂದೇ ಮೇಜಿನಲ್ಲಿ ಕೂತು ಕೆಲಸ ಮಾಡುವವನು. ಆಕ್ಸೆಸ್ ಪಾಯಿಂಟ್ ಮೋಡ್ ಇರುವ ಹಳೇ ರೂಟರ್ ಕೂಡ ಇತ್ತು, ಕೇಬಲ್ ಖರ್ಚಿನಲ್ಲೇ ಮುಗಿಯಿತು. ಬಾಡಿಗೆ ಮನೆ, ಗೋಡೆ ಮುಟ್ಟುವಂತಿಲ್ಲ ಅನ್ನುವವರು ಮೂರು ಬ್ಯಾಂಡಿನ ಮೆಶ್ ತಗೊಳ್ಳಿ. ಪ್ರತಿ ಪೆಟ್ಟಿಗೆಯ ಹಿಂದೆ ಈಥರ್ನೆಟ್ ಪೋರ್ಟ್ ಇದೆಯಾ, ಅದರ ಮೂಲಕ ಪೆಟ್ಟಿಗೆಗಳನ್ನು ಜೋಡಿಸಬಹುದಾ ಅಂತ ಮೊದಲೇ ವಿಚಾರಿಸಿ. ಮುಂದೆ ಕೇಬಲ್ ಎಳೆಯುವ ಅವಕಾಶ ಸಿಕ್ಕರೆ ಅವನ್ನೇ ಬಳಸಬಹುದು.