ಆರು ವರ್ಷ ನೆಟ್‌ಲೋಗೊದ ಆಮೆಗಳ ಜೊತೆ

ಏಜೆಂಟುಗಳ, ಅಂದರೆ ಕಂಪ್ಯೂಟರಿನೊಳಗೆ ಕೊಟ್ಟ ನಿಯಮದಂತೆ ತಾವೇ ನಡೆದುಕೊಳ್ಳುವ ಪುಟ್ಟ ಪಾತ್ರಗಳ ನಡುವೆ ನಂಬಿಕೆ ಹೇಗೆ ಬೆಳೆಯುತ್ತದೆ, ಹೇಗೆ ಕೆಡುತ್ತದೆ ಎಂದು ನೋಡಲು ಆರು ವರ್ಷಗಳಿಂದ ನೆಟ್‌ಲೋಗೊ ಬಳಸುತ್ತಿದ್ದೇನೆ. ಯೂರಿ ವಿಲೆನ್‌ಸ್ಕಿ 1999ರಲ್ಲಿ ರೂಪಿಸಿದ, ಇಂಥ ಪಾತ್ರಗಳನ್ನು ಓಡಿಸಿ ನೋಡುವ ಈ ತಂತ್ರಾಂಶ ಉಚಿತ, ಕೋಡ್ ಕೂಡ ಮುಕ್ತ. ಇದರಲ್ಲಿ ಏಜೆಂಟಿಗೆ ಟರ್ಟಲ್, ಅಂದರೆ ಆಮೆ ಎಂದು ಹೆಸರು. ಮಕ್ಕಳಾಟಿಕೆಯೆಂದು ಮೊದಲು ಮೂಗು ಮುರಿದಿದ್ದೆ. ಒಂದು ಆಮೆಯಿಂದ ಇನ್ನೊಂದಕ್ಕೆ ದಿಕ್ಕುಳ್ಳ ಲಿಂಕ್ ಎಳೆದು, ನಂಬಿಕೆಯ ಅಂಕವನ್ನು ಅದರಲ್ಲೇ ಇಡಬಹುದು ಎಂದು ತಿಳಿದ ದಿನ ಆ ಜಂಬ ಇಳಿಯಿತು. ನಾನು ನಿಮ್ಮನ್ನು ನಂಬಿದರೆ ನೀವೂ ನನ್ನನ್ನು ನಂಬಬೇಕೆಂದೇನಿಲ್ಲವಲ್ಲ!

ನನ್ನ ಕಣ್ಣು ತೆರೆಸಿದ್ದು ಒಂದೇ ಒಂದು ಆಮೆ. ಯೋಸಾಂಗ್ ಮತ್ತು ಇಸ್ಮಾಯಿಲ್ 2002ರಲ್ಲಿ ಮುಂದಿಟ್ಟ, ಹಿಂದಿನ ನಡತೆಯಿಂದ ನಂಬಿಕೆ ಅಳೆಯುವ ಬೀಟಾ ಪದ್ಧತಿಯ ಲೆಕ್ಕ ಸರಳ: ಒಳ್ಳೆಯ ವ್ಯವಹಾರಗಳ ಎಣಿಕೆಗೆ ಒಂದು ಕೂಡಿಸಿ, ಅದನ್ನು ಒಟ್ಟು ಎಣಿಕೆಗೆ ಎರಡು ಕೂಡಿಸಿ ಬಂದದ್ದರಿಂದ ಭಾಗಿಸುವುದು. ಅಂಕ 0.6ಕ್ಕಿಂತ ಇಳಿದರೆ ಸಹವಾಸ ಬೇಡವೆಂದು ನಿಯಮ ಬರೆದೆ. ಹೊಸಬರ ಅಂಕ 0.5 ಆದ್ದರಿಂದ ಮೊದಲ ಐದು ವ್ಯವಹಾರಗಳಿಗೆ ವಿನಾಯಿತಿ ಕೊಟ್ಟೆ. ಈ ಆಮೆ 40 ಸಲ ನಿಯತ್ತಾಗಿ ನಡೆದುಕೊಂಡು ಸುಮಾರು 0.98 ಗಳಿಸಿತು. ಆಮೇಲೆ ಶುರುವಾಯಿತು ಮೋಸ. ಹತ್ತು ಸಲ ಟೋಪಿ ಹಾಕಿದರೂ ಅಂಕ 0.79! ಹೊರಬಿದ್ದದ್ದು 27ನೇ ಮೋಸಕ್ಕೆ. ಅಷ್ಟು ಹೊತ್ತೂ ಎಲ್ಲ ಆಮೆಗಳ ಸರಾಸರಿಯ ಗ್ರಾಫ್ ತನಗೇನೂ ಗೊತ್ತಿಲ್ಲವೆಂಬಂತೆ ತಣ್ಣಗಿತ್ತು.

ಪ್ರತಿ ಹೆಜ್ಜೆಗೂ ಹಳೆಯ ಎಣಿಕೆಗಳನ್ನು 0.9ರಿಂದ ಗುಣಿಸಿ ಸವೆಸುತ್ತಾ ಬಂದಾಗ ಅದೇ ಆಮೆ ಐದನೇ ಮೋಸಕ್ಕೇ ಸಿಕ್ಕಿಬಿತ್ತು. ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಸಂದೇಶ ಕಳೆದುಹೋಗಿ ಮೇಲಿಂದ ಮೇಲೆ ಎಡವಿದ ಪ್ರಾಮಾಣಿಕ ಆಮೆಗಳೂ ಅದೇ ಬಾಗಿಲಿನಿಂದ ಹೊರಬಿದ್ದವು. ಇನ್ನು ಗುರುತು ಬದಲಿಸಲು ಅವಕಾಶ ಕೊಟ್ಟ ಮೇಲಂತೂ ಹೆಸರು ಕೆಡಿಸಿಕೊಂಡವೆಲ್ಲ ಹೊಸಬರ ವೇಷದಲ್ಲಿ ಬಂದು, ನಾನೇ ಕೊಟ್ಟ ಐದರ ವಿನಾಯಿತಿಯನ್ನು ನುಂಗಿ ಮತ್ತೆ ಮಾಯವಾದವು.

ನನ್ನ ಎಡವಟ್ಟೊಂದನ್ನೂ ಹೇಳಿಬಿಡುತ್ತೇನೆ. ಒಂದೇ ಓಟದ ಫಲಿತಾಂಶ ನೋಡಿ ಬೀಗಿದ್ದೆ. ಮರುದಿನ ಅದೇ ಮಾದರಿ ತದ್ವಿರುದ್ಧ ಚಿತ್ರ ತೋರಿಸಿತು, ಅದೇ ಓಟವನ್ನು ಮತ್ತೆ ಪಡೆಯಲು ಬೇಕಾದ ರ‍್ಯಾಂಡಮ್ ಸೀಡ್ ಎಂಬ ಸಂಖ್ಯೆಯನ್ನು ಬರೆದಿಟ್ಟುಕೊಂಡಿರಲಿಲ್ಲ. ಈಗ ಮಾದರಿಯನ್ನು ಮತ್ತೆ ಮತ್ತೆ ಓಡಿಸುವ ನೆಟ್‌ಲೋಗೊದ ಸಾಧನ ಬಿಹೇವಿಯರ್‌ಸ್ಪೇಸ್‌ನಲ್ಲಿ ಸೆಟ್ಟಿಂಗ್‌ಗಳ ಪ್ರತಿ ಸಂಯೋಜನೆಯನ್ನೂ ನೂರು ಸಲ ಓಡಿಸದೆ ಬಾಯಿ ಬಿಡುವುದಿಲ್ಲ.

ದೊಡ್ಡ ಜಾಲ ಕಟ್ಟುವವರು ಮೊದಲು ಲೆಕ್ಕ ಹಾಕಿಕೊಳ್ಳಿ: ಸಾವಿರ ಆಮೆಗಳಲ್ಲಿ ಪ್ರತಿಯೊಂದರಿಂದ ಉಳಿದೆಲ್ಲದಕ್ಕೂ ಲಿಂಕ್ ಎಳೆದರೆ 9,99,000 ಲಿಂಕ್‌ಗಳಾಗುತ್ತವೆ. ನಾನು ಇನ್ನೂರು ದಾಟುವುದಿಲ್ಲ. ಗ್ರಾಫಿನ ಪಕ್ಕದಲ್ಲೇ ಯಾವುದಾದರೂ ಒಂದು ಆಮೆಯ ವಿವರ ತೋರಿಸುವ ಇನ್‌ಸ್ಪೆಕ್ಟ್ ಕಿಟಕಿ ತೆರೆದಿಟ್ಟು ಅದರ ಮೇಲೆ ಕಣ್ಣಿಟ್ಟಿರುತ್ತೇನೆ.